ಠರಾವು ಬೇರೆ, ಹುಕುಂ ಬೇರೆ

'ಅಧ್ಯಕ್ಷರು ಠರಾವು ಹೊರಡಿಸಿದ್ದಾರೆ' ಎಂಬ ಸಾಲು ಈಚೆಗೆ ವಾಟ್ಸಾಪ್‌ನಲ್ಲಿ ಪದೇ ಪದೇ ಕಣ್ಣಿಗೆ ಬೀಳುತ್ತಿದೆ. ಹೊರಡಿಸುವುದು ಹುಕುಂ. ಠರಾವು ಅಂದರೆ ಸಭೆಯ ನಿರ್ಣಯ. ಅದನ್ನು ಒಬ್ಬರೇ ಮಾಡಲು ಬರುವುದಿಲ್ಲ, ಅದು ಸಭೆಯಲ್ಲಿ ಆಗಬೇಕು.

ಪದ ಮರಾಠಿಯದು. 'ಠರಣೆ' ಅಂದರೆ ಇತ್ಯರ್ಥವಾಗುವುದು, ಗಟ್ಟಿಯಾಗುವುದು. ನಿಲ್ಲು ಎಂಬರ್ಥದ ಹಿಂದಿಯ 'ಠಹರನಾ' ಇದರ ಬಳಗದ್ದೇ. ಧಾರವಾಡ, ಗದಗ, ಹಾವೇರಿ ಸೀಮೆ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು. ಕಚೇರಿ ಮಾತಿನ ಜೊತೆ ಇದೂ ಬಂದು ಉಳಿಯಿತು. ಮೈಸೂರು ಕಡೆ ಇದಕ್ಕೇ ಗೊತ್ತುವಳಿ ಅಂದರು. ಅಲ್ಲಿರುವುದು 'ಬಾಡಿಗೆ ಗೊತ್ತು ಮಾಡು' ಅನ್ನುವಾಗಿನ ಗೊತ್ತು. ಅತ್ತಿತ್ತ ಹೊಯ್ದಾಡಿದ ಮಾತು ಒಂದು ಕಡೆ ನಿಂತಿತು ಎಂಬುದೇ ಎರಡರ ಅರ್ಥ. ಹೊಯ್ದಾಟವೇ ಇರದಿದ್ದರೆ ನಿಂತದ್ದಾದರೂ ಏನು?

ಈ ಹೊಯ್ದಾಟ ಬೇಕೇ ಬೇಕು, ಏಕೆಂದರೆ ಸಂಸ್ಥೆಗೆ ಬೇಕಾದ ತಿಳಿವಳಿಕೆ ಒಬ್ಬರ ತಲೆಯಲ್ಲಿ ಇರುವುದಿಲ್ಲ. ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದದ್ದು 1904ರಲ್ಲಿ. ಮರುವರ್ಷವೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಹಳ್ಳಿಯ ಸಂಘಗಳಿಗೆ ಆ ಕಾಯ್ದೆ ಇಟ್ಟ ಪದ್ಧತಿ ಅಪರಿಮಿತ ಹೊಣೆ: ಒಬ್ಬ ಮುಳುಗಿಸಿದರೆ ಉಳಿದವರು ತುಂಬಬೇಕು. ಅಂಥ ಕಡೆ ಸಾಲದ ಅರ್ಜಿ ಬಂದಾಗ ಯಾರು ಸುಮ್ಮನೆ ಕೂತಾರು? ಅರ್ಜಿದಾರನ ಬಾವಿ ಬತ್ತಿದ್ದು ಒಬ್ಬನಿಗೆ ಗೊತ್ತು, ಸಾಹುಕಾರನ ಹತ್ತಿರ ಅವನು ಮಾಡಿದ ಕೈಗಡ ಇನ್ನೊಬ್ಬನಿಗೆ, ಅವನ ದುಡಿಮೆ ಎಂಥದ್ದೆಂದು ಪಕ್ಕದ ಹೊಲದವನಿಗೆ. ಪಟ್ಟಣದ ಬ್ಯಾಂಕಿಗೆ ಇದರಲ್ಲಿ ಒಂದೂ ಸಿಗದು. ಇವೆಲ್ಲ ಒಂದೇ ಕೋಣೆಯಲ್ಲಿ ಹೊರಬಿದ್ದು ಠರಾವಾದರೆ, ಯಾವ ಒಬ್ಬ ಸದಸ್ಯನಿಗೂ ಇರದ ಬುದ್ಧಿ ಸಂಘಕ್ಕೆ ಬರುತ್ತದೆ.

ಬ್ಯಾಡಗಿ ಮೆಣಸಿನಕಾಯಿ ಪೇಟೆಯ ಟೆಂಡರಿನಲ್ಲೂ ಹಲವರ ತಿಳಿವಳಿಕೆ ಕೂಡುತ್ತದೆ, ಆದರೆ ದರದ ಮೂಲಕ ಮಾತ್ರ. ಯಾವ ಖರೀದಿದಾರನೂ ಕಾರಣ ಹೇಳಬೇಕಿಲ್ಲ. ಅದು ಠರಾವಲ್ಲ.

ಈಗ ಎಷ್ಟೋ ಕಡೆ ನಡೆಯುವುದನ್ನು ನೋಡಿ. ಕಾರ್ಯದರ್ಶಿ ಮನೆಯಲ್ಲೇ ನಡಾವಳಿ, ಅಂದರೆ ಸಭೆಯ ದಾಖಲೆ, ಬರೆದು ಸಿಪಾಯಿ ಕೈಯಲ್ಲಿ ಪುಸ್ತಕ ಕಳಿಸುತ್ತಾರೆ. 'ಗೌಡ್ರ, ಇಲ್ಲೊಂದು ಸಹಿ ಹಾಕ್ರಿ, ಠರಾವ್ ಆಗೇತಿ.' ಸೂಚಕರ ಹೆಸರಿದೆ, ಅನುಮೋದಕರ ಹೆಸರಿದೆ, ಸಭೆಗೆ ಬೇಕಾದಷ್ಟು ಹಾಜರಿ, ಅಂದರೆ ಕೋರಂ, ತುಂಬಿದೆ, ಕೊನೆಗೆ 'ಸರ್ವಾನುಮತದಿಂದ' ಅಂತಲೂ ಇದೆ. ಬಾವಿ ಬತ್ತಿದ್ದು ಗೊತ್ತಿದ್ದವನು ಮಾತ್ರ ಬಾಯಿ ತೆರೆದಿಲ್ಲ. ಇದನ್ನು ಠರಾವು ಅನ್ನಬೇಡಿ. ಸಭೆ ಕೂಡಿ, ತಕರಾರು ಬಂದು, ಕೈಯೆತ್ತಿಸಿ ಒಂದೇ ಮತದ ಅಂತರದಲ್ಲಿ ಆದದ್ದು ಪೂರ್ತಿ ಠರಾವು. ಅದರ ನಡಾವಳಿಯಲ್ಲಿ ವಿರೋಧಿಸಿದವರ ಹೆಸರೂ ಕಾರಣವೂ ಬರಬೇಕು.