ಸನ್ನಿಗೆ ಹೆಸರಿತ್ತು, ಅಳುವಿಗೆ ಇರಲಿಲ್ಲ

‘ಬಾಣಂತಿ ಸನ್ನಿ’ ಅನ್ನುವುದು ಕನ್ನಡದ ಹಳೆಯ ಮಾತು. ಹೆರಿಗೆಯಾದ ಕೆಲವೇ ದಿನಗಳಲ್ಲಿ ನಿದ್ದೆ ಬಿಟ್ಟು, ಏನೇನೋ ಮಾತಾಡುತ್ತಾ, ಇಲ್ಲದ್ದನ್ನು ಕಾಣುವ ಸ್ಥಿತಿಗೆ ಆ ಹೆಸರು. ಆದರೆ ಕೂಸನ್ನು ಮಡಿಲಲ್ಲಿಟ್ಟುಕೊಂಡು ವಾರಗಟ್ಟಲೆ ಸುಮ್ನೆ ಅಳುವ ಬಾಣಂತಿಯ ಸಂಕಟಕ್ಕೆ ಏನನ್ನುತ್ತೇವೆ? ‘ಹೆರಿಗೆ ನಂತರದ ಖಿನ್ನತೆ’ ಎಂದು ಈಚೆಗೆ ಬರೆಯುತ್ತೇವೆ, ನಿಜ. ಮನೆಯೊಳಗೆ ಆಡುವ ಮಾತು ಅದಲ್ಲ. ಎದ್ದು ಕಾಣುವ ಕಾಯಿಲೆಗೆ ಹೆಸರು ಬೇಗ ಸಿಕ್ಕಿತು, ಸದ್ದಿಲ್ಲದ್ದಕ್ಕೆ ಸಿಗಲಿಲ್ಲ. ವೈದ್ಯರ ಪುಸ್ತಕಗಳಲ್ಲೂ ಹೀಗೇ ಆಗಿದೆ.

ಪ್ರಾಚೀನ ಗ್ರೀಕ್ ವೈದ್ಯ ಹಿಪ್ಪೊಕ್ರೆಟಿಸ್ ಹೆಸರಿನಲ್ಲಿ ಉಳಿದಿರುವ ಬರಹಗಳಲ್ಲೇ ಹೆರಿಗೆಯ ಬಳಿಕ ಜ್ವರ ಬಂದು ಬಡಬಡಿಸಿದ ಹೆಂಗಸರ ವಿವರಗಳಿವೆ. ಎದೆಯಲ್ಲಿ ರಕ್ತ ಕಟ್ಟಿಕೊಂಡರೆ ಹುಚ್ಚು ಹಿಡಿಯುತ್ತದೆ ಎಂಬ ನಂಬಿಕೆಯೂ ಅಲ್ಲಿದೆ. ಅವರಲ್ಲಿ ಎಷ್ಟೋ ಜನಕ್ಕೆ ನಿಜಕ್ಕೂ ಇದ್ದದ್ದು ನಂಜು ಇರಬೇಕು. ಮುಂದೆ 19ನೇ ಶತಮಾನದವರೆಗೂ ವೈದ್ಯರು ನೋಡಿದ್ದು ಹೆಚ್ಚಾಗಿ ಇಂಥ ತೀವ್ರ ಸ್ಥಿತಿಗಳನ್ನೇ. ಫ್ರಾನ್ಸಿನ ಮನೋವೈದ್ಯ ಎಸ್ಕಿರೋಲ್ ಮಾತ್ರ ಒಂದು ವಿಷಯ ಗಮನಿಸಿದರು. ಆಸ್ಪತ್ರೆಗೆ ಬರುವವರಿಗಿಂತ ಮನೆಯಲ್ಲೇ ಉಳಿದು, ಲೆಕ್ಕಕ್ಕೇ ಸಿಗದವರು ಜಾಸ್ತಿ ಎಂದರು.

1858ರಲ್ಲಿ ಪ್ಯಾರಿಸ್ಸಿನ ಮನೋವೈದ್ಯ ಲೂಯಿ ವಿಕ್ಟರ್ ಮಾರ್ಸೆ ಈ ವಿಷಯಕ್ಕೆಂದೇ ಒಂದು ಇಡೀ ಗ್ರಂಥ ಬರೆದರು. ಆಗ ಅವರಿಗೆ 30 ವರ್ಷ. ಬಸುರಿಯರು, ಈಗಷ್ಟೇ ಹೆತ್ತವರು, ಹಾಲೂಡಿಸುವವರು ಎಂದು ಮೂರು ಗುಂಪು ಮಾಡಿದ್ದರು. ಮೊದಲ ಗುಂಪು ಬಸುರಿಯರದ್ದು ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಮುಂದೆ ಆ ಮಾತು ಬರುತ್ತದೆ.

ಅಲ್ಲಿಂದ ಮುಂದಕ್ಕೆ ದಾರಿ ಸುಗಮವಾಗಲಿಲ್ಲ. ಅಮೆರಿಕದಲ್ಲಿ ವೈರ್ ಮಿಚೆಲ್ ಎಂಬ ವೈದ್ಯರು ‘ವಿಶ್ರಾಂತಿ ಚಿಕಿತ್ಸೆ’ ಎಂಬುದನ್ನು ಹೆಸರುವಾಸಿ ಮಾಡಿದರು. ಹಾಸಿಗೆಯಲ್ಲೇ ಮಲಗಬೇಕು, ಚೆನ್ನಾಗಿ ತಿನ್ನಬೇಕು, ಓದು ಬರಹ ಕೂಡದು. ಮಗಳು ಹುಟ್ಟಿದ ಮೇಲೆ ಖಿನ್ನತೆಗೆ ಜಾರಿದ್ದ ಲೇಖಕಿ ಷಾರ್ಲೆಟ್ ಪರ್ಕಿನ್ಸ್ ಗಿಲ್ಮನ್ 1887ರಲ್ಲಿ ಅವರ ಬಳಿ ಹೋದರು. ಇನ್ನು ಮುಂದೆ ಪೆನ್ನು, ಪೆನ್ಸಿಲ್ ಮುಟ್ಟಬೇಡಿ ಎಂಬ ಸಲಹೆ ಸಿಕ್ಕಿತು. ಅದನ್ನು ಪಾಲಿಸಿ ಬುದ್ಧಿ ಕೆಡುವ ಅಂಚಿಗೆ ಹೋಗಿ ಬಂದೆ ಎಂದು ಅವರೇ ಮುಂದೆ ಬರೆದರು. ಆಕೆಗೆ ಏನು ಬೇಕಿತ್ತು ಎಂದು ಆಕೆಯನ್ನೇ ಕೇಳಿದ್ದರೆ ಚೆನ್ನಾಗಿತ್ತು, ಅಲ್ವಾ?

ಆಸ್ಪತ್ರೆಗೆ ಸೇರಿಸುವುದು ಅಂದರೆ ತಾಯಿ ಒಂದು ಕಡೆ, ಮಗು ಒಂದು ಕಡೆ. ಬಹಳ ಕಾಲ ಹೀಗೇ ನಡೆಯಿತು. 1948ರಲ್ಲಿ ಲಂಡನ್ನಿನ ಕ್ಯಾಸೆಲ್ ಆಸ್ಪತ್ರೆಯಲ್ಲಿ ಥಾಮಸ್ ಮೇನ್ ಒಬ್ಬ ತಾಯಿಯನ್ನು ಮಗುವಿನ ಜೊತೆಗೇ ಸೇರಿಸಿಕೊಂಡರು. ತಾಯಿ-ಮಗು ಇಬ್ಬರಿಗೂ ಒಟ್ಟಿಗೆ ಜಾಗ ಕೊಡುವ ವಾರ್ಡುಗಳಿಗೆ ದಾರಿಯಾದದ್ದು ಇಂಥ ಪ್ರಯತ್ನಗಳಿಂದ.

ಆದರೂ ಮನೆಯಲ್ಲಿ ಅಳುತ್ತಿದ್ದವಳು ಲೆಕ್ಕಕ್ಕೆ ಬಂದಿರಲಿಲ್ಲ. 1968ರಲ್ಲಿ ಬ್ರೈಸ್ ಪಿಟ್ ಎಂಬ ವೈದ್ಯರು ಕಾಯಿಲೆಯವರನ್ನಲ್ಲ, ಹೆರಿಗೆಗೆ ಬಂದ ಸಾಮಾನ್ಯ ಹೆಂಗಸರನ್ನು ಮಾತಾಡಿಸಿದರು. ಒಟ್ಟು 305 ಮಂದಿ. ಅವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಹೆರಿಗೆಯ ನಂತರ ಖಿನ್ನತೆ ಕಾಣಿಸಿಕೊಂಡಿತ್ತು. ಸನ್ನಿ ಸಾವಿರ ಹೆರಿಗೆಗೆ ಒಂದೋ ಎರಡೋ. ಇದು ಹತ್ತಕ್ಕೆ ಒಂದು! ಎಸ್ಕಿರೋಲ್ ಹೇಳಿದ್ದಕ್ಕೆ ಕೊನೆಗೂ ಒಂದು ಅಂಕಿ ಸಿಕ್ಕಿತು.

1987ರಲ್ಲಿ ಸ್ಕಾಟ್ಲೆಂಡಿನ ಕಾಕ್ಸ್, ಹೋಲ್ಡನ್ ಮತ್ತು ಸಗೋವ್‌ಸ್ಕಿ ಹತ್ತು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. ಅದೇ ‘ಎಡಿನ್‌ಬರೊ ಮಾಪಕ’. ಕಳೆದ 7 ದಿನ ಹೇಗನ್ನಿಸಿತು ಎಂದು ಅದು ಕೇಳುತ್ತದೆ. ನನಗೆ ಇದು ತುಂಬಾ ಇಷ್ಟವಾಗಲು ಒಂದು ಕಾರಣವಿದೆ. ಸುಸ್ತಾಗುತ್ತಿದೆಯೇ, ಹಸಿವಿದೆಯೇ ಎಂದು ಅದು ಕೇಳುವುದೇ ಇಲ್ಲ. ಎಳೆಗೂಸಿನ ತಾಯಿಗೆ ಸುಸ್ತು ಇದ್ದೇ ಇರುತ್ತದೆ. ನಿದ್ದೆಯ ಬಗ್ಗೆ ಕೇಳುವಾಗಲೂ ‘ದುಃಖದಿಂದ ನಿದ್ದೆ ಬರುತ್ತಿಲ್ಲವೇ’ ಎಂದು ಕೇಳುತ್ತದೆ. ಮಗು ಎಬ್ಬಿಸಿದ್ದು ಬೇರೆ, ಮಗು ಮಲಗಿದ ಮೇಲೂ ಕಣ್ಣು ಮುಚ್ಚದಿರುವುದು ಬೇರೆ. ಮೊದಲ ಪ್ರಶ್ನೆ ನಗುವಿನದು, ಹತ್ತನೆಯದು ತನಗೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿತ್ತೇ ಎಂಬುದು. ಅಂಕ ಜಾಸ್ತಿ ಬಂದರೆ ಕಾಯಿಲೆ ಇದೆ ಎಂದಲ್ಲ, ಕೂತು ಮಾತಾಡಬೇಕು ಎಂದು. ಹತ್ತನೆಯದಕ್ಕೆ ‘ಹೌದು’ ಎಂದರೆ ಮಾತ್ರ ಅವತ್ತೇ ಮಾತಾಡಬೇಕು.

ಆ ಕೊನೆಯ ಪ್ರಶ್ನೆ ಎಷ್ಟು ಮುಖ್ಯ ಎಂಬುದು 2001ರಲ್ಲಿ ಗೊತ್ತಾಯಿತು. ತಾಯಂದಿರ ಸಾವನ್ನು ಎಣಿಸುವಾಗ ಹೆರಿಗೆಯ ನಂತರದ 42 ದಿನಕ್ಕೆ ಗೆರೆ ಎಳೆಯುವುದು ವಾಡಿಕೆ. ಬ್ರಿಟನ್ನಿನ ತನಿಖಾ ವರದಿಯೊಂದು ಹೆರಿಗೆಯ ನಂತರದ ಇಡೀ ಒಂದು ವರ್ಷದ ದಾಖಲೆ ತೆರೆದು ನೋಡಿತು. ಸಾವಿನ ಕಾರಣಗಳಲ್ಲಿ ಆತ್ಮಹತ್ಯೆಯೇ ಮುಂದಿತ್ತು.

ಮಾರ್ಸೆ ಮೊದಲು ಬರೆದಿದ್ದ ಬಸುರಿಯರ ಕತೆ ಏನಾಯಿತು? ಅಮೆರಿಕದ ಮನೋವೈದ್ಯರ ಕೈಪಿಡಿ 1994ರಲ್ಲಿ ‘ಹೆರಿಗೆಯಾದ 4 ವಾರದೊಳಗೆ ಶುರುವಾದ’ ಖಿನ್ನತೆಯನ್ನು ಗುರುತಿಸಿತು. ಬಸುರಿನಲ್ಲೇ ಶುರುವಾದದ್ದನ್ನೂ ಸೇರಿಸಿದ್ದು 2013ರಲ್ಲಿ. ಮಾರ್ಸೆ ಗ್ರಂಥ ಬಂದು ಆಗ 155 ವರ್ಷ.

ಗುರುತಿಸಿದ ಮೇಲೆ ಕೈ ಹಿಡಿಯುವವರು ಯಾರು? ಮನೋವೈದ್ಯರು ಎಲ್ಲ ಕಡೆ ಸಿಗುವುದಿಲ್ಲ. ಇದಕ್ಕೆ ನಾನು ಕಂಡ ಅತ್ಯುತ್ತಮ ಉತ್ತರ ಪಾಕಿಸ್ತಾನದ ಹಳ್ಳಿಗಳಿಂದ ಬಂದಿದೆ. ಅತಿಫ್ ರೆಹಮಾನ್ ಮತ್ತು ಸಂಗಡಿಗರು ರಾವಲ್ಪಿಂಡಿಯ ಸುತ್ತಮುತ್ತ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರಿಗೆ ಮಾತಿನ ಚಿಕಿತ್ಸೆಯ ತರಬೇತಿ ಕೊಟ್ಟರು. ಬಸುರಿನ ಕೊನೆಯ ತಿಂಗಳಿನಿಂದ ಮಗುವಿಗೆ 10 ತಿಂಗಳಾಗುವವರೆಗೆ ಒಟ್ಟು 16 ಭೇಟಿ. ‘ನಿಮಗೆ ಮನಸ್ಸಿನ ಕಾಯಿಲೆ’ ಎಂದು ಶುರು ಮಾಡಲಿಲ್ಲ. ಮಗು ಚೆನ್ನಾಗಿ ಬೆಳೆಯಬೇಕು, ಅದಕ್ಕೆ ನೀವು ಚೆನ್ನಾಗಿರಬೇಕು ಎಂದು ಮಾತು ತೆಗೆದರು. ಹಾಗಾಗಿ ಮನೆಯವರೂ ಬಾಗಿಲು ತೆರೆದರು. ಬೇರೆ ಹಳ್ಳಿಗಳಲ್ಲಿ ಈ ತರಬೇತಿ ಇಲ್ಲದ ಕಾರ್ಯಕರ್ತೆಯರೂ ಅಷ್ಟೇ ಸಲ ಹೋಗಿ ಬಂದರು. 2008ರಲ್ಲಿ ಫಲಿತಾಂಶ ಹೊರಬಂತು. ಹೆರಿಗೆಯಾದ 6 ತಿಂಗಳಿಗೆ ತರಬೇತಿ ಪಡೆದವರ ಕಡೆ ಖಿನ್ನತೆ ಉಳಿದಿದ್ದದ್ದು ಶೇ. 23 ತಾಯಂದಿರಲ್ಲಿ, ಇನ್ನೊಂದು ಕಡೆ ಶೇ. 53ರಲ್ಲಿ. ಬರೀ ಹೋಗಿ ಬಂದರೆ ಸಾಲದು, ಹೇಗೆ ಮಾತಾಡುತ್ತೇವೆ ಎಂಬುದು ದೊಡ್ಡದು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಕೈಪಿಡಿಯಾಗಿ ಹೊರತಂದಿತು.

ಔಷಧಗಳೂ ಬಂದಿವೆ. ಹೆರಿಗೆ ನಂತರದ ಖಿನ್ನತೆಗೆಂದೇ ತಯಾರಾದ ಮೊದಲ ಮದ್ದಿಗೆ ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿತು. ಅದನ್ನು 60 ಗಂಟೆ ರಕ್ತನಾಳದ ಮೂಲಕ ಹನಿಸಬೇಕಿತ್ತು. 2023ರಲ್ಲಿ 14 ದಿನ ನುಂಗುವ ಮಾತ್ರೆ ಬಂತು. ಹಳೆಯ ಖಿನ್ನತೆ ಔಷಧಗಳೂ ಎಷ್ಟೋ ತಾಯಂದಿರಿಗೆ ಕೆಲಸ ಮಾಡುತ್ತವೆ.

ಹೆರಿಗೆಯಾದ ಮೊದಲ ವಾರ ಕಾರಣವಿಲ್ಲದೆ ಅಳು ಬರುವುದು ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಆಗುತ್ತದೆ, ತಾನಾಗಿ ಕಡಿಮೆಯಾಗುತ್ತದೆ. ಎರಡು ವಾರ ದಾಟಿದರೂ ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು. ಖಿನ್ನತೆಗೆ ಮೊದಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದವರು ಬಸುರಿಯಾದರೆ ತಾವಾಗಿ ನಿಲ್ಲಿಸಬಾರದು, ಕೇಳಿ ತೀರ್ಮಾನಿಸಬೇಕು. ಸನ್ನಿಯ ಲಕ್ಷಣ ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ, ಅಲ್ಲಿಯವರೆಗೆ ತಾಯಿಯನ್ನೂ ಮಗುವನ್ನೂ ಒಂಟಿಯಾಗಿ ಬಿಡಬೇಡಿ. ಚಿಕಿತ್ಸೆ ಸಿಕ್ಕರೆ ಬಹುಪಾಲು ತಾಯಂದಿರು ಅದರಿಂದಲೂ ಚೇತರಿಸಿಕೊಳ್ಳುತ್ತಾರೆ.