ಹಾಸ್ಟೆಲ್‌ನಲ್ಲಿ ಕುಡಿದು ಸಿಕ್ಕಿಬಿದ್ದರೆ ಪೊಲೀಸ್ ಕೇಸ್ ಆಗುತ್ತದೆಯೇ?

ಪ್ರಶ್ನೆ: ನನಗೆ 20 ವರ್ಷ, ಇಂಜಿನಿಯರಿಂಗ್ ಐದನೇ ಸೆಮಿಸ್ಟರ್ ವಿದ್ಯಾರ್ಥಿ. ಗೆಳೆಯನ ಹುಟ್ಟುಹಬ್ಬದ ರಾತ್ರಿ ಹಾಸ್ಟೆಲ್ ಕೋಣೆಯಲ್ಲಿ ಬಿಯರ್ ಕುಡಿಯುತ್ತಿದ್ದಾಗ ವಾರ್ಡನ್ ಕೈಗೆ ಸಿಕ್ಕಿಬಿದ್ದೆವು. ಈಗ ಕಾಲೇಜಿನಿಂದ ಕಾರಣ ಕೇಳಿ ನೋಟಿಸ್ ಬಂದಿದೆ. ಪೊಲೀಸ್ ಕೇಸ್ ಆಗುತ್ತದೆಯೇ? ಮುಂದೆ ಕೆಲಸಕ್ಕೆ, ಪಾಸ್‌ಪೋರ್ಟಿಗೆ ತೊಂದರೆಯಾಗುತ್ತದೆಯೇ?

ಉತ್ತರ: ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಈ ಪ್ರಶ್ನೆಯನ್ನು ಅನೇಕರು ಕೇಳುತ್ತಾರೆ. ಕೋಣೆಯೊಳಗೆ ಕುಡಿದದ್ದಷ್ಟೇ ನಡೆದಿದ್ದರೆ, ಗಲಾಟೆ, ಹೊಡೆದಾಟ, ವಾಹನ ಚಾಲನೆ ಯಾವುದೂ ಅದಕ್ಕೆ ಸೇರಿಲ್ಲದಿದ್ದರೆ, ಪೊಲೀಸ್ ಪ್ರಕರಣ ದಾಖಲಾಗುವ ಸಂಭವ ಕಡಿಮೆ. ಆದರೆ ಕಾಲೇಜು ಕ್ರಮ ಕೈಗೊಳ್ಳಲು ಪೊಲೀಸರ ದಾರಿ ಕಾಯಬೇಕಾಗಿಲ್ಲ. ಅಪರಾಧವಲ್ಲದ್ದಕ್ಕೆ ಶಿಕ್ಷೆ ಹೇಗೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಕಾಲೇಜಿನ ನೋಟಿಸ್ ಬಂದರೆ ಮಗನ ಹೆಸರು ಠಾಣೆಯ ಪುಸ್ತಕದಲ್ಲಿ ಸೇರಿಹೋಯಿತು ಎಂದು ತಂದೆತಾಯಿ ಹೆದರುತ್ತಾರೆ. ಎರಡೂ ತಪ್ಪು ತಿಳಿವಳಿಕೆಯೇ, ಏಕೆಂದರೆ ಕಾನೂನು ಮತ್ತು ಕಾಲೇಜಿನ ಶಿಸ್ತು ಬೇರೆ ಬೇರೆ ದಾರಿಗಳು.

ಮೊದಲು ವಯಸ್ಸಿನ ವಿಷಯ. ಕರ್ನಾಟಕದಲ್ಲಿ ಇದು ಸ್ವಲ್ಪ ಗೋಜಲಾಗಿಯೇ ಉಳಿದುಕೊಂಡಿದೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ 36ನೇ ಕಲಮು 18 ವರ್ಷಕ್ಕಿಂತ ಕಡಿಮೆ ವಯಸ್ಸಿನವರಿಗೆ ಮದ್ಯ ಮಾರುವುದನ್ನು ಶಿಕ್ಷಾರ್ಹಗೊಳಿಸಿದರೆ, 1967ರ ಪರವಾನಗಿ ನಿಯಮಗಳು 21 ವರ್ಷ ತುಂಬದವರಿಗೆ ಮಾರಬಾರದೆಂದು ಹೇಳುತ್ತವೆ. ಈ ವ್ಯತ್ಯಾಸವನ್ನು ಸರಿಪಡಿಸಲೆಂದು ನಿಯಮದಲ್ಲಿಯೂ 18 ವರ್ಷವೆಂದೇ ಬರೆಯುವ ಕರಡನ್ನು 2023ರ ಜನವರಿಯಲ್ಲಿ ಹೊರಡಿಸಿದ ಸರ್ಕಾರ, ವಿರೋಧ ಬಂದೊಡನೆ ಅದನ್ನು ಹಿಂದಕ್ಕೆ ಪಡೆಯಿತು. ಹೀಗಾಗಿ 20 ವರ್ಷದ ನಿಮಗೆ ಬಿಯರ್ ಮಾರಿದ ಅಂಗಡಿಯವನು ನಿಯಮ ಮುರಿದಿದ್ದಾನೆ. ಆ ನಿಯಮ ಕಟ್ಟಿಹಾಕುವುದು ಪರವಾನಗಿ ಪಡೆದು ಮಾರುವವನನ್ನು. ಆದರೆ ಹಾಸ್ಟೆಲ್‌ನಲ್ಲಿ ಬಾಟಲಿಗಳನ್ನು ಕೂಡಿಟ್ಟು, ಮೇಲೊಂದಿಷ್ಟು ದುಡ್ಡು ಇಟ್ಟುಕೊಂಡು ಜೊತೆಯವರಿಗೆ ಮಾರುವ ವಿದ್ಯಾರ್ಥಿ ಪರವಾನಗಿ ಇಲ್ಲದ ಮಾರಾಟಗಾರನೇ ಆಗುತ್ತಾನೆ, ಅದು ಅಬಕಾರಿ ಅಪರಾಧ.

ಇದಕ್ಕಿಂತ ಗಂಭೀರವಾದ ಇನ್ನೊಂದು ಅಪಾಯವನ್ನು ಹಿರಿಯ ವಿದ್ಯಾರ್ಥಿಗಳು ಗಮನಿಸುವುದೇ ಇಲ್ಲ. ಪಿಯುಸಿ ಮುಗಿಸಿ ಬರುವ ಮೊದಲ ವರ್ಷದವರಲ್ಲಿ ಎಷ್ಟೋ ಮಂದಿಗೆ ಇನ್ನೂ 17. ಕಾನೂನಿನ ದೃಷ್ಟಿಯಲ್ಲಿ ಅವರು ಮಕ್ಕಳು. ವೈದ್ಯರ ಸಲಹೆಯ ಕಾರಣವಿಲ್ಲದೆ ಮಗುವಿಗೆ ಮದ್ಯ ಕೊಡುವವರಿಗೆ, 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಂತೆ, 7 ವರ್ಷಗಳವರೆಗೆ ಕಠಿಣ ಸಜೆ ಮತ್ತು 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ‘ಒಂದು ಗುಟುಕು ಕುಡಿ, ಏನಾಗುವುದಿಲ್ಲ’ ಎಂದು ಲೋಟ ಮುಂದೆ ಹಿಡಿದವನಿಗೂ ಈ ಕಲಮು ಅನ್ವಯಿಸುತ್ತದೆ.

ಬಲವಂತವಿದ್ದರೆ ಅದು ರ‍್ಯಾಗಿಂಗ್. 2009ರ ಮಾರ್ಚ್‌ನಲ್ಲಿ ಹಿಮಾಚಲ ಪ್ರದೇಶದ ಟಾಂಡಾ ವೈದ್ಯಕೀಯ ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿ ಅಮನ್ ಕಾಚ್ರೂ, ಕುಡಿದ ಹಿರಿಯ ವಿದ್ಯಾರ್ಥಿಗಳ ಹೊಡೆತದಿಂದ ಸಾವನ್ನಪ್ಪಿದರು. ಮರುವರ್ಷ ನ್ಯಾಯಾಲಯ ನಾಲ್ವರಿಗೆ 4 ವರ್ಷಗಳ ಶಿಕ್ಷೆ ವಿಧಿಸಿತು. 2009ರಲ್ಲಿಯೇ ಯುಜಿಸಿ ಹೊರಡಿಸಿದ ರ‍್ಯಾಗಿಂಗ್ ತಡೆ ನಿಯಮಾವಳಿಯಲ್ಲಿ ತರಗತಿಯಿಂದ ಅಮಾನತು, ವಿದ್ಯಾರ್ಥಿವೇತನಕ್ಕೆ ತಡೆ, ಪರೀಕ್ಷೆಗೆ ನಿರ್ಬಂಧ, ಫಲಿತಾಂಶ ತಡೆಹಿಡಿಯುವುದು, ಹಾಸ್ಟೆಲ್‌ನಿಂದ ಹೊರಹಾಕುವುದು, ಒಂದರಿಂದ ನಾಲ್ಕು ಸೆಮಿಸ್ಟರ್‌ಗಳವರೆಗೆ ಕಾಲೇಜಿನಿಂದ ದೂರವಿಡುವುದು, ಕೊನೆಗೆ ಪ್ರವೇಶವನ್ನೇ ರದ್ದುಮಾಡುವುದು, ಇಷ್ಟಕ್ಕೂ ಅವಕಾಶವಿದೆ. ಅಪರಾಧದ ಅಂಶ ಕಂಡರೆ ಮಾಹಿತಿ ಬಂದ 24 ಗಂಟೆಯೊಳಗೆ ಕಾಲೇಜಿನ ಮುಖ್ಯಸ್ಥರು ಎಫ್‌ಐಆರ್‌ಗೆ ದೂರು ಕೊಡಬೇಕು. ಇಲ್ಲಿ ಮಾತ್ರ ಮೊದಲು ಹೇಳಿದ ಎರಡು ದಾರಿಗಳೂ ಒಂದಾಗುತ್ತವೆ.

ಈಗ ನಿಮ್ಮ ನೋಟಿಸ್. ಪ್ರವೇಶದ ದಿನ ನೀವೂ ಪೋಷಕರೂ ಸಹಿ ಹಾಕಿದ ಮುಚ್ಚಳಿಕೆ, ಓದದೆಯೇ ಪಕ್ಕಕ್ಕಿಟ್ಟ ಹಾಸ್ಟೆಲ್ ನಿಯಮಗಳ ಪುಸ್ತಿಕೆ, ಇವೆರಡನ್ನೂ ಮೊದಲು ಹುಡುಕಿ ತೆಗೆಯಿರಿ. ಮದ್ಯ ತರುವುದನ್ನೂ ಇಟ್ಟುಕೊಳ್ಳುವುದನ್ನೂ ಕುಡಿಯುವುದನ್ನೂ ನಿಷೇಧಿಸುವ ವಾಕ್ಯ ಬಹುಮಟ್ಟಿಗೆ ಅಲ್ಲಿ ಇದ್ದೇ ಇರುತ್ತದೆ, ಮತ್ತು 21 ವರ್ಷ ತುಂಬಿದವರಿಗೆ ವಿನಾಯಿತಿ ಇರುವುದಿಲ್ಲ. ಯಾವ ತಪ್ಪಿಗೆ ಯಾವ ಶಿಕ್ಷೆ, ಮೊದಲ ಸಲಕ್ಕೂ ಎರಡನೆಯ ಸಲಕ್ಕೂ ಏನು ವ್ಯತ್ಯಾಸ ಎಂಬುದು ಆಯಾ ಸಂಸ್ಥೆಯ ನಿಯಮದಲ್ಲಿರುತ್ತದೆ: ಎಚ್ಚರಿಕೆ ಪತ್ರ, ದಂಡ, ಪೋಷಕರನ್ನು ಕರೆಸುವುದು, ಹಾಸ್ಟೆಲ್‌ನಿಂದ ತೆಗೆಯುವುದು, ಅಮಾನತು.

ಶಿಕ್ಷಿಸುವ ಮುನ್ನ ಆರೋಪವನ್ನು ತಿಳಿಸಬೇಕು, ಉತ್ತರಿಸಲು ಅವಕಾಶ ಕೊಡಬೇಕು ಎಂಬ ಸಹಜ ನ್ಯಾಯದ ತತ್ತ್ವ ವಿದ್ಯಾರ್ಥಿಗಳಿಗೂ ಅನ್ವಯಿಸುತ್ತದೆ. ಪರೀಕ್ಷಾ ಅಕ್ರಮದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1962ರಲ್ಲಿಯೇ ಇದನ್ನು ಸ್ಪಷ್ಟಪಡಿಸಿದೆ. ಹಾಗೆಂದು ಶಿಸ್ತು ಸಮಿತಿ ನ್ಯಾಯಾಲಯದಂತೆ ನಡೆಯಬೇಕೆಂದು ನಿರೀಕ್ಷಿಸಬೇಡಿ. ರಾಂಚಿಯ ರಾಜೇಂದ್ರ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ರಾತ್ರಿ ಹೆಣ್ಣುಮಕ್ಕಳ ಹಾಸ್ಟೆಲ್ ಆವರಣಕ್ಕೆ ನುಗ್ಗಿದ ಪ್ರಕರಣದಲ್ಲಿ, ಆ ಹೆಣ್ಣುಮಕ್ಕಳ ಹೇಳಿಕೆಗಳನ್ನು ಆರೋಪಿಗಳ ಬೆನ್ನ ಹಿಂದೆ ಪಡೆದಿದ್ದರೂ ಉಚ್ಚಾಟನೆ ಸರಿಯೆಂದು ಸುಪ್ರೀಂ ಕೋರ್ಟ್ 1973ರಲ್ಲಿ ಹೇಳಿತು. ಪುರಾವೆಯ ವಿಷಯದಲ್ಲಿಯೂ ಇಂತಹುದೇ ಅಂತರವಿದೆ. ಬಾಯಿಯಿಂದ ವಾಸನೆ ಬರುತ್ತಿತ್ತು, ನಡಿಗೆ ತೂರಾಡುತ್ತಿತ್ತು ಎಂಬುದಷ್ಟರಿಂದಲೇ ಅಮಲು ಸಾಬೀತಾಗದು, ರಕ್ತ ಅಥವಾ ಮೂತ್ರ ಪರೀಕ್ಷೆ ಬೇಕಿತ್ತು ಎಂದು ಅಪಘಾತದ ಮೊಕದ್ದಮೆಯೊಂದರಲ್ಲಿ 1971ರಲ್ಲಿ ಸುಪ್ರೀಂ ಕೋರ್ಟ್ ಅಭಿಪ್ರಾಯಪಟ್ಟಿತ್ತು. ಆದರೆ ಕಾಲೇಜಿನ ವಿಚಾರಣೆಯಲ್ಲಿ ವಾರ್ಡನ್ ಕಣ್ಣಾರೆ ಕಂಡ ವರದಿ ಮತ್ತು ಸಿಕ್ಕ ಬಾಟಲಿಗಳೇ ಸಾಕಾಗಬಹುದು.

ಆದ್ದರಿಂದ ಉತ್ತರವನ್ನು ಗಡುವಿನೊಳಗೆ, ಬರಹದಲ್ಲಿ ಕೊಡಿ, ಸ್ವೀಕೃತಿಯ ಸಹಿ ಪಡೆಯಿರಿ. ಆ ರಾತ್ರಿ ಊರಿನಲ್ಲಿದ್ದೆ ಎಂದು ಬರೆದು ಸಿಸಿಟಿವಿಯಲ್ಲಿ ಕಾಣಿಸಿಕೊಳ್ಳುವ ಹುಡುಗರಿಗೆ ಶಿಕ್ಷೆ ದುಪ್ಪಟ್ಟಾಗುವುದರಲ್ಲಿ ಆಶ್ಚರ್ಯವೇನಿಲ್ಲ. ಮಾಡಿದ್ದನ್ನು ಒಪ್ಪಿಕೊಳ್ಳಿ, ಮಾಡದೆ ಇದ್ದದ್ದನ್ನು ಒಪ್ಪಿಕೊಳ್ಳಬೇಡಿ: ಬಾಟಲಿ ತಂದವರು ನೀವಲ್ಲದಿದ್ದರೆ ಹಾಗೆಂದೇ ಬರೆಯಿರಿ. ಇದು ಮೊದಲ ತಪ್ಪಾಗಿದ್ದರೆ ಅದನ್ನೂ ನಮೂದಿಸಿ. ಶಿಕ್ಷೆ ತಪ್ಪಿಗೆ ಮೀರಿದ್ದೆನಿಸಿದರೆ ಸಂಸ್ಥೆಯೊಳಗಿನ ಮೇಲ್ಮನವಿ, ಅದು ಮುಗಿದ ಮೇಲೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ, ಹೀಗೆ ಪರಿಹಾರದ ಮೆಟ್ಟಿಲುಗಳಿವೆ. ಖಾಸಗಿ ಕಾಲೇಜಿನ ವಿರುದ್ಧ ರಿಟ್ ನಿಲ್ಲುತ್ತದೆಯೇ ಎಂಬುದನ್ನು ವಕೀಲರಲ್ಲಿ ಕೇಳಿಯೇ ಮುಂದುವರಿಯಬೇಕು.

ವಾಹನ ಸೇರಿಕೊಂಡರೆ ಇಡೀ ಲೆಕ್ಕವೇ ಬದಲಾಗುತ್ತದೆ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದ ಆಲ್ಕೋಹಾಲ್ ಕಂಡುಬಂದರೆ, ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಂತೆ, ಮೊದಲ ಸಲಕ್ಕೆ 6 ತಿಂಗಳವರೆಗೆ ಸಜೆ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 2 ವರ್ಷಗಳವರೆಗೆ ಸಜೆ ಅಥವಾ 15,000 ರೂಪಾಯಿ ದಂಡ ಅಥವಾ ಎರಡೂ. ಇದು ಹೆಲ್ಮೆಟ್ ದಂಡದಂತೆ ರಸ್ತೆಬದಿಯಲ್ಲೇ ಕಟ್ಟಿ ಮುಗಿಸುವ ವ್ಯವಹಾರವಲ್ಲ, ನ್ಯಾಯಾಲಯಕ್ಕೆ ಹೋಗಲೇಬೇಕು. ಡಿಎಲ್ ವಶಪಡಿಸಿಕೊಂಡು ಅಮಾನತಿಗೆ ಕಳುಹಿಸುವ ಅಧಿಕಾರವೂ ಪೊಲೀಸರಿಗಿದೆ. ಕುಡಿದಿದ್ದಾನೆಂದು ಗೊತ್ತಿದ್ದೂ ಬೈಕ್ ಓಡಿಸಲು ಹುರಿದುಂಬಿಸಿದವನನ್ನು 188ನೇ ಕಲಮು ಅದೇ ಶಿಕ್ಷೆಗೆ ಗುರಿಪಡಿಸುತ್ತದೆ. ಅಪಘಾತದಲ್ಲಿ ಜೀವಹಾನಿಯಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ 5 ವರ್ಷಗಳವರೆಗೆ ಶಿಕ್ಷೆಯಾಗಬಹುದು. ಸಂದರ್ಭ ಗಂಭೀರವಾಗಿದ್ದರೆ ಕೊಲೆಯಲ್ಲದ ಮಾನವಹತ್ಯೆಯ 105ನೇ ಕಲಮೂ ಸೇರುತ್ತದೆ. ‘ಅಮಲಿನಲ್ಲಿದ್ದೆ, ಗೊತ್ತಾಗಲಿಲ್ಲ’ ಎಂಬ ಸಮಜಾಯಿಷಿ, ತಾನಾಗಿಯೇ ಕುಡಿದವನನ್ನು ಕಾಪಾಡುವುದಿಲ್ಲ.

ಪಾರ್ಕು, ಕೆರೆ ಏರಿ, ಬಸ್ ನಿಲ್ದಾಣದಂತಹ ಸಾರ್ವಜನಿಕ ಜಾಗದಲ್ಲಿ ಕುಡಿಯುವುದನ್ನು ಅಬಕಾರಿ ಕಾಯ್ದೆಯ 15ಎ ಕಲಮು ನಿಷೇಧಿಸುತ್ತದೆ. ಕುಡಿದು ಅಂತಹ ಕಡೆ ಜನರಿಗೆ ಕಿರುಕುಳ ಕೊಟ್ಟರೆ, ನ್ಯಾಯ ಸಂಹಿತೆಯ 355ನೇ ಕಲಮಿನಂತೆ 24 ಗಂಟೆಗಳವರೆಗೆ ಸಾದಾ ಸಜೆ ಅಥವಾ 1,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಇಲ್ಲವೇ ಸಮುದಾಯ ಸೇವೆ.

ಇನ್ನು ಕೆಲಸ ಮತ್ತು ಪಾಸ್‌ಪೋರ್ಟ್. ಕಾಲೇಜಿನ ಎಚ್ಚರಿಕೆ ಪತ್ರ ಪೊಲೀಸ್ ದಾಖಲೆಯಲ್ಲ. ಅದರಿಂದ ಪಾಸ್‌ಪೋರ್ಟ್ ನಿಲ್ಲುವುದಿಲ್ಲ. ನ್ಯಾಯಾಲಯದಲ್ಲಿ ಕ್ರಿಮಿನಲ್ ಪ್ರಕರಣ ಬಾಕಿಯಿದ್ದರೆ ಮಾತ್ರ ಆ ನ್ಯಾಯಾಲಯದ ಅನುಮತಿಯ ಪ್ರಶ್ನೆ ಏಳುತ್ತದೆ. ಅಮೆರಿಕಕ್ಕೆ ಓದಲು ಹೋಗುವವರಿಗೆ ಒಂದು ಮಾತು: ಅಲ್ಲಿ ಮದ್ಯ ಕೊಳ್ಳುವ ವಯಸ್ಸು 21, ಮತ್ತು ಕುಡಿದು ಕಾರು ಓಡಿಸಿ ಬಂಧನಕ್ಕೊಳಗಾದರೆ, ತೀರ್ಪು ಬರುವ ಮೊದಲೇ ವೀಸಾ ರದ್ದಾಗಬಹುದು. ಸರ್ಕಾರಿ ಹುದ್ದೆಯ ದೃಢೀಕರಣ ನಮೂನೆಯಲ್ಲಿ ನಿಮ್ಮ ಮೇಲೆ ಪ್ರಕರಣವಿತ್ತೇ, ಶಿಕ್ಷೆಯಾಗಿತ್ತೇ ಎಂದು ಕೇಳುತ್ತಾರೆ. ಕೆಲವು ನಮೂನೆಗಳಲ್ಲಿ ವಿಶ್ವವಿದ್ಯಾಲಯ ನಿಮ್ಮನ್ನು ಪರೀಕ್ಷೆಯಿಂದ ನಿರ್ಬಂಧಿಸಿತ್ತೇ ಎಂಬ ಪ್ರಶ್ನೆಯೂ ಇರುತ್ತದೆ. ಎಳೆಯ ವಯಸ್ಸಿನ ಸಣ್ಣ ತಪ್ಪನ್ನು ನೇಮಕಾತಿ ಪ್ರಾಧಿಕಾರ ಮನ್ನಿಸಬಹುದು, ಆದರೆ ಸತ್ಯವನ್ನು ಮುಚ್ಚಿಟ್ಟದ್ದು ಆಯ್ಕೆಯನ್ನೇ ರದ್ದುಮಾಡಲು ಕಾರಣವಾಗಬಹುದು ಎಂಬುದು ಅವತಾರ್ ಸಿಂಗ್ ಪ್ರಕರಣದಲ್ಲಿ 2016ರ ಸುಪ್ರೀಂ ಕೋರ್ಟ್ ತೀರ್ಪಿನ ಸಾರ. ನೀವು ವಿವರಿಸಿದ ಸಂಗತಿ ಹಾಸ್ಟೆಲ್ ಕೋಣೆಯಲ್ಲೇ ಮುಗಿದಿದ್ದರೆ, ಪ್ರಕರಣಗಳ ಕುರಿತ ಆ ಕಾಲಮ್ಮಿನಲ್ಲಿ ನೀವು ಬರೆಯಬೇಕಾದದ್ದು ‘ಇಲ್ಲ’ ಎಂದೇ.