ಎಣ್ಣೆ ಇರೋ ಬೇಸಿನ್‌ನಲ್ಲೂ ಬಾವಿ ಖಾಲಿ ಬರೋದು ಯಾಕೆ?

ನೆಲದಡಿ ಎಣ್ಣೆ ಅಂದ ತಕ್ಷಣ ಬಹಳ ಜನರ ತಲೇಲಿ ಒಂದು ದೊಡ್ಡ ಗುಹೆ, ಅದರ ತುಂಬ ಕಪ್ಪು ಎಣ್ಣೆ, ಮೇಲಿಂದ ಪೈಪ್ ಇಳಿಸಿ ಎಳೆಯೋದು, ಇಂಥ ಚಿತ್ರ ಬರತ್ತೆ. ಹಾಗೇನಿಲ್ಲ. ಎಣ್ಣೆ ಇರೋದು ಗಟ್ಟಿ ಕಲ್ಲಿನ ಒಳಗೆ, ಕಣ ಕಣದ ಮಧ್ಯದ ಸಂದಿಯಲ್ಲಿ. ಮರಳುಗಲ್ಲಿನ ಗಾತ್ರದಲ್ಲಿ 20-25% ಸಂದಿ ಇದ್ದರೆ ನಮಗೆ ಹಬ್ಬ, ಆ ಸಂದಿಯಲ್ಲೂ ಒಂದಷ್ಟು ನೀರು ಇದ್ದೇ ಇರತ್ತೆ. ಎಣ್ಣೆ ಹುಡುಕೋ ನಮ್ಮಂಥ ಜಿಯಾಲಜಿಸ್ಟ್ ಕೆಲಸ ಅಂದ್ರೆ ಈ ಸಂದಿಗೆ ಎಣ್ಣೆ ಬಂತಾ, ಯಾವಾಗ ಬಂತು, ಬಂದದ್ದು ಉಳೀತಾ ಅನ್ನೋ ಲೆಕ್ಕ. ಇದರಲ್ಲಿ ‘ಯಾವಾಗ’ ಅನ್ನೋದನ್ನ ಜನ ಸುಲಭವಾಗಿ ಬಿಟ್ಟುಬಿಡ್ತಾರೆ, ಕೆಲಸ ಕೆಡೋದು ಎಷ್ಟೋ ಸಲ ಅಲ್ಲೇ.

ಮೊದಲು ಬೇಸಿನ್ ವಿಷಯ. ಸೆಡಿಮೆಂಟರಿ ಬೇಸಿನ್ ಅಂದ್ರೆ ಕುಸೀತಾ ಕುಸೀತಾ ಹೂಳು ತುಂಬಿಕೊಂಡ ಜಾಗ. ಬರೀ ತಗ್ಗು ಸಾಲದು, ತಗ್ಗು ಬೇಗ ತುಂಬಿಹೋಗತ್ತೆ, ತುಂಬ್ತಾ ಇದ್ದ ಹಾಗೇ ತಳ ಇನ್ನೂ ಕೆಳಕ್ಕೆ ಹೋಗ್ತಾ ಇರಬೇಕು. ಹೂಳಿನ ಭಾರಕ್ಕೂ ತಳ ಬಗ್ಗತ್ತೆ ನಿಜ, ಆದರೆ 100 ಮೀಟರ್ ಆಳದ ನೀರಿರೋ ಕಡೆ ಬರೀ ಭಾರದಿಂದಲೇ ಆದರೆ ಸುಮಾರು ಅದರ ಎರಡು ಪಟ್ಟು ದಪ್ಪ ಹೂಳು ಹಿಡಿದೀತು ಅಷ್ಟೆ, ಕಿಲೋಮೀಟರ್‌ಗಟ್ಟಲೆ ಬೇಕಂದ್ರೆ ಭೂಮಿಯೇ ಬೇರೆ ಏನಾದರೂ ಮಾಡಬೇಕು.

ಮಾಡೋದು ಮುಖ್ಯವಾಗಿ ಎರಡು ಥರ. ಒಂದು ಕಡೆ ದೊಡ್ಡ ಪರ್ವತ ಎದ್ದು ಅದರ ಭಾರಕ್ಕೆ ಪಕ್ಕದ ನೆಲ ಬಗ್ಗೋದು, ಹಿಮಾಲಯದ ಮುಂದೆ ಗಂಗಾ ಬಯಲು, ಇರಾನಿನ ಜಾಗ್ರೋಸ್ ಪರ್ವತದ ಮುಂದೆ ಪರ್ಷಿಯನ್ ಕೊಲ್ಲಿ ಆಗಿರೋದು ಹೀಗೆ. ಇನ್ನೊಂದು ನನಗೆ ಹೆಚ್ಚು ಇಷ್ಟ, ಖಂಡವನ್ನೇ ಎರಡು ಕಡೆಯಿಂದ ಎಳೆಯೋದು. 30-35 ಕಿಲೋಮೀಟರ್ ದಪ್ಪದ ಹೊರಪದರ ತೆಳುವಾಗಿ, ಬಿರಿದು, ತುಂಡು ತುಂಡಾಗಿ ಕುಸಿಯತ್ತೆ, ಅದೇ ಹೊತ್ತಿಗೆ ಹೊರಪದರದ ಕೆಳಗಿನ ಬಿಸಿ ಪದರ, ಮ್ಯಾಂಟಲ್, ಅಡಿಯಿಂದ ಹತ್ತಿರ ಬರತ್ತೆ. ಎಳೆತ ನಿಂತ ಮೇಲೆ ಆ ಬಿಸಿ ಆರಬೇಕಲ್ಲ, ಆರಿದ ಕಲ್ಲು ಭಾರ, ಹಾಗಾಗಿ ಬಿರುಕು ಬಿಡೋದೆಲ್ಲ ಮುಗಿದು ಕೋಟಿಗಟ್ಟಲೆ ವರ್ಷ ಆದರೂ ನೆಲ ಮೆಲ್ಲಗೆ ಇಳೀತಾನೇ ಇರತ್ತೆ. ಭೂಭೌತ ವಿಜ್ಞಾನಿ ಡಾನ್ ಮೆಕೆಂಜಿ 1978ರಲ್ಲಿ ಇದನ್ನ ಲೆಕ್ಕಕ್ಕೆ ಇಳಿಸಿದರು, ಇವತ್ತಿಗೂ ನಾವು ಬೇಸಿನ್ ಮಾಡೆಲ್ ಶುರು ಮಾಡೋದು ಅಲ್ಲಿಂದಲೇ.

ಈ ಎರಡು ಹಂತದ ಕುಸಿತ ಎಣ್ಣೆಗೆ ಹೇಳಿ ಮಾಡಿಸಿದ ಹಾಗಿದೆ. ಬಿರಿಯೋ ಕಾಲದಲ್ಲಿ ಆಳವಾದ ಸರೋವರ ಇಲ್ಲಾ ಇಕ್ಕಟ್ಟಾದ ಸಮುದ್ರ ಆಗತ್ತೆ, ತಳದ ನೀರಿಗೆ ಆಕ್ಸಿಜನ್ ತಲುಪಲ್ಲ, ಮೇಲೆ ಸತ್ತ ಪಾಚಿ ಪ್ಲಾಂಕ್ಟನ್ ಎಲ್ಲ ಕೊಳೆಯದೆ ಕೆಸರಲ್ಲಿ ಸೇರಿಕೊಂಡು ಕಪ್ಪು ಶೇಲ್ ಆಗತ್ತೆ. ಇದೇ ಸೋರ್ಸ್ ರಾಕ್, ಎಣ್ಣೆ ಹುಟ್ಟೋ ಕಲ್ಲು. ಉತ್ತರ ಸಮುದ್ರದ ಎಣ್ಣೆ ಬಹುತೇಕ ಸುಮಾರು 15 ಕೋಟಿ ವರ್ಷ ಹಳೆಯ ಕಿಮರಿಡ್ಜ್ ಕ್ಲೇ ಅನ್ನೋ ಶೇಲ್‌ದು. ರಾಜಸ್ಥಾನದ ಬಾಡಮೇರ್ ಬೇಸಿನ್‌ನಲ್ಲಿ ಸರೋವರದ ಪಾಚಿ, ಅದಕ್ಕೇ 2004ರಲ್ಲಿ ಸಿಕ್ಕಿದ ಮಂಗಳಾ ಫೀಲ್ಡ್‌ನ ಎಣ್ಣೆ ಮೇಣದ ಥರ, ಪೈಪ್‌ಲೈನ್‌ನ ಬಿಸಿ ಮಾಡ್ತಾ ಸಾಗಿಸಬೇಕು.

ಸೋರ್ಸ್ ರಾಕ್ ಇದ್ದ ಮಾತ್ರಕ್ಕೆ ಎಣ್ಣೆ ಆಗಲ್ಲ, ಬೇಯಬೇಕು, ಎರಡನೇ ಹಂತದ ನಿಧಾನ ಕುಸಿತ ಅದನ್ನ ಆಳದ ಬಿಸಿಗೆ ಇಳಿಸತ್ತೆ. ಅದು ಬೇಯೋ ಜಾಗಕ್ಕೆ ನಾವು ಕಿಚನ್ ಅಂತಲೇ ಅನ್ನೋದು. ಆಳಕ್ಕೆ ಹೋದ ಹಾಗೆ ಕಿಲೋಮೀಟರ್‌ಗೆ ಸುಮಾರು 25-30 ಡಿಗ್ರಿ ಬಿಸಿ ಏರತ್ತೆ, ಸುಮಾರು 60ರಿಂದ 120 ಡಿಗ್ರಿ ಹತ್ತಿರ ಕೆರೋಜೆನ್, ಅಂದ್ರೆ ಶೇಲ್‌ನಲ್ಲಿ ಸೇರಿಕೊಂಡ ಆ ಜೈವಿಕ ಪದಾರ್ಥ, ಒಡೆದು ಎಣ್ಣೆ ಆಗತ್ತೆ, 150 ದಾಟಿದರೆ ಹೆಚ್ಚಾಗಿ ಗ್ಯಾಸ್. ಆಳ ಕಡಿಮೆ ಆದರೆ ಹಸಿ, ಜಾಸ್ತಿ ಆದರೆ ಎಣ್ಣೆ ಕೈಬಿಡ್ತು. ಇನ್ನು ಮರಗಿಡದ ಅವಶೇಷ, ಕಲ್ಲಿದ್ದಲು ಥರದ್ದು ಜಾಸ್ತಿ ಇದ್ದರೆ ಮುಖ್ಯವಾಗಿ ಬರೋದೇ ಗ್ಯಾಸ್.

ಆದ ಎಣ್ಣೆ ನೀರಿಗಿಂತ ಹಗುರ. ಕಲ್ಲಿನ ಸಂದಿಯೆಲ್ಲ ಮೊದಲೇ ನೀರು ತುಂಬಿರೋದರಿಂದ ಎಣ್ಣೆ ಅದನ್ನ ಸರಿಸಿಕೊಂಡು ಮೇಲೆ ಮೇಲೆ ಹೋಗ್ತಾ ಇರತ್ತೆ, ತಡೆ ಸಿಕ್ಕದೇ ಇದ್ದರೆ ನೆಲದ ಮೇಲಕ್ಕೇ ಬಂದು ಸೋರಿಹೋಗತ್ತೆ, ಹುಟ್ಟಿದ ಎಣ್ಣೆಯಲ್ಲಿ ದೊಡ್ಡ ಪಾಲು ಹೀಗೇ ಚದುರಿ ಹಾಳಾಗೋದು. ಉಳಿಯೋದಕ್ಕೆ ಮೂರು ಕೂಡಿ ಬರಬೇಕು: ಸಂದಿ ಇರೋ ರಿಸರ್ವಾಯರ್ ಕಲ್ಲು, ಅದರ ಮೇಲೆ ಮುಚ್ಚಳದ ಥರ ಸೀಲ್, ಮತ್ತೆ ಎಣ್ಣೆ ಪಕ್ಕಕ್ಕೆ ಜಾರದಂತೆ ಹಿಡಿಯೋ ಟ್ರಾಪ್. 1948ರಲ್ಲಿ ಸಿಕ್ಕಿದ ಸೌದಿಯ ಘವಾರ್ ನೋಡಿ, ಸುಮಾರು 280 ಕಿಲೋಮೀಟರ್ ಉದ್ದದ ಒಂದೇ ಉಬ್ಬು, ಒಳಗೆ ಜುರಾಸಿಕ್ ಕಾಲದ ಸುಣ್ಣಕಲ್ಲು, ಮೇಲೆ ಅನ್‌ಹೈಡ್ರೈಟ್ ಅನ್ನೋ ಲವಣದ ಬಿಗಿ ಪದರ. 1974ರ ಮುಂಬೈ ಹೈ ಕೂಡ ಸುಣ್ಣಕಲ್ಲೇ. ಟ್ರಾಪ್ ಉಬ್ಬೇ ಆಗಿರಬೇಕು ಅಂತೇನಿಲ್ಲ, ಫಾಲ್ಟ್, ಅಂದ್ರೆ ಪದರ ಬಿರಿದು ಜಾರಿದ ಜಾಗ, ಆಗಬಹುದು, ಉಪ್ಪಿನ ಗುಮ್ಮಟದ ಮಗ್ಗುಲೂ ಆಗಬಹುದು.

ಇಷ್ಟೂ ಇದ್ದು ಟೈಮಿಂಗ್ ತಪ್ಪಿದರೆ ಏನೂ ಇಲ್ಲ. ಟ್ರಾಪ್ ಆಗೋ ಮೊದಲೇ ಎಣ್ಣೆ ಹಾದುಹೋಗಿದ್ದರೆ ಸಿಗೋದು ನೀರು ಮಾತ್ರ. ಟ್ರಾಪ್ ಮೊದಲೇ ಆಗಿ, ಎಣ್ಣೆನೂ ತುಂಬಿ, ಆಮೇಲೆ ಬೇಸಿನ್ ವಾಲಿದರೂ ಅಷ್ಟೆ, ಹೊರಗೆ ಹರಿದುಹೋಗತ್ತೆ. 1983ರಲ್ಲಿ ಅಲಾಸ್ಕಾದ ಉತ್ತರಕ್ಕೆ ಬೋಫೋರ್ಟ್ ಸಮುದ್ರದಲ್ಲಿ ಮಕ್ಲಕ್ ಅಂತ ಒಂದು ಬಾವಿ ಕೊರೆದರು, ಅದಕ್ಕೋಸ್ಕರ ಜಲ್ಲಿಕಲ್ಲಿನ ದ್ವೀಪವನ್ನೇ ಕಟ್ಟಿದ್ದರು, ಲೀಸ್ ಹಣ ಎಲ್ಲ ಸೇರಿ 100 ಕೋಟಿ ಡಾಲರ್ ದಾಟಿತ್ತು, ಅಮೆರಿಕದ ಅತಿ ದೊಡ್ಡ ಫೀಲ್ಡ್‌ಗಳಲ್ಲಿ ಒಂದಾದ ಪ್ರೂಡೋ ಬೇ ಅದೇ ಕರಾವಳಿಯಲ್ಲಿದೆ ಅನ್ನೋ ಧೈರ್ಯ ಬೇರೆ. ಸಿಕ್ಕಿದ್ದು ಉಪ್ಪುನೀರು, ಜೊತೆಗೆ ಎಣ್ಣೆ ಕಲೆ ಇರೋ ಮರಳುಗಲ್ಲು. ಅಂದ್ರೆ ಒಂದು ಕಾಲಕ್ಕೆ ಅಲ್ಲಿ ಎಣ್ಣೆ ಇತ್ತು, ಸೀಲ್ ಸೋರಿತೋ ಪದರ ವಾಲಿತೋ, ಹೋಗಿಬಿಟ್ಟಿತ್ತು.

ಆ ಕಲೆ ನೋಡೋ ಕ್ರಮ ಹೇಳ್ತೀನಿ. ಕೊರೆಯೋವಾಗ ಬಾವಿಗೆ ಹರಿಸೋ ಕೆಸರಿನಂಥ ದ್ರವ, ಡ್ರಿಲ್ಲಿಂಗ್ ಮಡ್, ಅದರ ಜೊತೆ ಮೇಲೆ ಬಂದ ಕಲ್ಲಿನ ಚೂರುಗಳನ್ನ ಜರಡಿಯಿಂದ ತೆಗೆದು ತೊಳೆದು ಕತ್ತಲ ಪೆಟ್ಟಿಗೆಯಲ್ಲಿ ಯುವಿ ದೀಪದ ಕೆಳಗೆ ಇಡ್ತೀವಿ. ಎಣ್ಣೆ ಇದ್ದ ಚೂರು ಹೊಳೆಯತ್ತೆ, ಹಗುರ ಎಣ್ಣೆ ನೀಲಿ ಬಿಳುಪು, ಭಾರದ್ದು ಮಬ್ಬು ಹಳದಿ ಕಂದು. ಆದರೆ ಕ್ಯಾಲ್ಸೈಟ್ ಥರದ ಖನಿಜ ಕೂಡ ಹೊಳೆಯತ್ತೆ, ಮಡ್‌ಗೆ ಸೇರಿದ ಗ್ರೀಸ್ ಡೀಸೆಲ್ ಕೂಡ ಹೊಳೆಯತ್ತೆ, ಖನಿಜವನ್ನ ಬೇರೆ ಮಾಡೋಕೆ ಒಂದು ಹನಿ ಸಾಲ್ವೆಂಟ್ ಹಾಕೋದು. ನಿಜವಾದ ಎಣ್ಣೆ ಆದರೆ ಚೂರಿನಿಂದ ಬೆಳಕಿನ ಎಳೆಗಳು ಬಿಚ್ಚಿಕೊಂಡು ಹನಿಯೊಳಗೆ ಹರಡತ್ತೆ, ಖನಿಜ ಆದರೆ ಏನೂ ಬಿಡಲ್ಲ. ನೋಡೋಕೆ ಬಹಳ ಚೆಂದ, ಅದೇ ಅಪಾಯ, ಅದನ್ನ ನೋಡಿ ರಿಗ್‌ನಲ್ಲಿ ಎಲ್ಲರ ಮುಖ ಅರಳತ್ತೆ. ಅಲ್ಲಿ ಎಣ್ಣೆ ಇದೆಯೋ, ಹೋದ ಎಣ್ಣೆಯ ಉಳಿಕೆಯೋ ಅಂತ ಆ ಹೊಳಪು ಹೇಳಲ್ಲ, ಬಾವಿಯೊಳಗೆ ಉಪಕರಣ ಇಳಿಸಿ ಲಾಗ್ ತೆಗೆದು ರೆಸಿಸ್ಟಿವಿಟಿ (ಕಲ್ಲು ವಿದ್ಯುತ್ತನ್ನ ಎಷ್ಟು ತಡೆಯತ್ತೆ ಅನ್ನೋದು, ಉಪ್ಪುನೀರಿಗಿಂತ ಎಣ್ಣೆ ಹೆಚ್ಚು ತಡೆಯತ್ತೆ) ನೋಡೋವರೆಗೂ ಬಾಯಿ ಮುಚ್ಚಿಕೊಂಡಿರಬೇಕು.

ಹಾಗಾಗಿ ಕೊರೆಯೋ ಮೊದಲು ನಾವು ಸೋರ್ಸ್, ರಿಸರ್ವಾಯರ್, ಸೀಲ್, ಟ್ರಾಪ್, ಟೈಮಿಂಗ್ ಐದಕ್ಕೂ ಬೇರೆ ಬೇರೆ ಸಾಧ್ಯತೆ ಹಾಕಿ ಗುಣಿಸ್ತೀವಿ. ಒಂದೊಂದೂ 80% ಖಾತ್ರಿ ಅಂದುಕೊಂಡರೂ ಗುಣಿಸಿದಾಗ ಉಳಿಯೋದು 33%, ಒಂದೊಂದೂ 70% ಆದರೆ 17%ಗೆ ಬಂದು ನಿಲ್ಲತ್ತೆ. ಬಾವಿ ಖಾಲಿ ಬಂದರೆ ಮುಂದಿನ ಕೆಲಸ ಐದರಲ್ಲಿ ಯಾವುದು ಕೈಕೊಟ್ಟಿತು ಅಂತ ಹುಡುಕೋದು. ಆ ಉಬ್ಬಿನ ಸೀಲ್ ಮಾತ್ರ ಸೋರಿದ್ದರೆ ಪಕ್ಕದ ಉಬ್ಬಿಗೆ ಇನ್ನೂ ಅವಕಾಶ ಇದೆ, ಎಣ್ಣೆ ಅತ್ತ ಕಡೆ ಹೋಗಿರಬಹುದು ಅಂತ ಅದರ ಅಂಕ ಏರೋದೂ ಉಂಟು. ಶೇಲ್ ಬೆಂದೇ ಇಲ್ಲ ಅಂತ ಗೊತ್ತಾದರೆ ಮಾತ್ರ ಆ ಕಿಚನ್ ನಂಬಿಕೊಂಡಿದ್ದ ಅಷ್ಟೂ ಬಾವಿಗಳನ್ನ ಒಂದೇ ಸಲಕ್ಕೆ ಪಟ್ಟಿಯಿಂದ ತೆಗೆದುಹಾಕ್ತೀವಿ.